ವಿಂಡೋಸ್ ಪಕ್ಕದಲ್ಲಿ ಉಬುಂಟು ಹಾಕುವಾಗ ಡಿಸ್ಕ್ ಎರರ್ ಬಂದರೆ ಏನು ಮಾಡಬೇಕು?

ಓದುಗರ ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 10 ಇದೆ. ಅದನ್ನು ತೆಗೆಯದೆ ಪಕ್ಕದಲ್ಲೇ ಉಬುಂಟು ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಹಾಕೋಣ ಅಂತ ಹೊರಟೆ. ವಿಂಡೋಸ್ ಇರುವ ಪಾರ್ಟಿಷನ್ (ಡಿಸ್ಕಿನ ಒಂದು ಭಾಗ) ಚಿಕ್ಕದು ಮಾಡುವಾಗ ಎರರ್ ಬಂದು ನಿಂತುಬಿಟ್ಟಿತು. ಡಿಸ್ಕ್ ಹೋಗಿದೆಯಾ? ಪೂರ್ತಿ ಫಾರ್ಮ್ಯಾಟ್ ಮಾಡಿಬಿಡಲಾ? ಫೋಟೋ, ಕಾಲೇಜಿನ ಫೈಲ್ ಎಲ್ಲಾ ಅದರಲ್ಲೇ ಇವೆ.

ಉತ್ತರ: ದಯವಿಟ್ಟು ಫಾರ್ಮ್ಯಾಟ್ ಮಾಡಬೇಡಿ. ಈ ಹಂತದಲ್ಲಿ ಬರುವ ಎರರ್‌ಗೆ ಹೆಚ್ಚಿನ ಸಲ ಕಾರಣ ಒಂದೇ: ವಿಂಡೋಸ್ ಆ ಡಿಸ್ಕನ್ನು ಇನ್ನೂ ಪೂರ್ತಿಯಾಗಿ ಬಿಟ್ಟುಕೊಟ್ಟಿರುವುದಿಲ್ಲ. ಅದು ಗೊತ್ತಾಗಿ ಉಬುಂಟು ಮುಟ್ಟಲು ಒಪ್ಪುವುದಿಲ್ಲ. ನಿಮ್ಮ ಫೈಲ್‌ಗಳನ್ನು ಉಳಿಸಲೆಂದೇ ಅದು ಹಾಗೆ ನಿಲ್ಲುತ್ತದೆ. ಆದರೆ ಕೆಲವು ಸಲ ಡಿಸ್ಕ್ ನಿಜವಾಗಿಯೂ ಕೆಡುತ್ತಿರುತ್ತದೆ. ಎರಡರಲ್ಲಿ ಯಾವುದು ಅಂತ ತಿಳಿಯದೆ ರಿಪೇರಿಗೆ ಕೈ ಹಾಕಿದರೆ ಮಾತ್ರ ಕಷ್ಟ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ ಮುಗಿದಿದೆ. ಚೆನ್ನಾಗಿರುವ ಲ್ಯಾಪ್‌ಟಾಪನ್ನು ಮೂಲೆಗೆ ಹಾಕುವ ಬದಲು ಲಿನಕ್ಸ್ ಹಾಕಿ ನೋಡುವುದು ಒಳ್ಳೆ ಯೋಚನೆಯೇ. ಅದಕ್ಕೆ ಮೊದಲು ಫೈಲ್‌ಗಳ ಕಾಪಿ ತೆಗೆದಿಡಿ. ವಿಂಡೋಸ್ ತೆರೆದುಕೊಳ್ಳುತ್ತಿದ್ದರೆ ಅಲ್ಲಿಂದಲೇ ಹೊರಗಿನ ಹಾರ್ಡ್ ಡಿಸ್ಕ್‌ಗೆ ಹಾಕಿಕೊಳ್ಳಿ. ತೆರೆದುಕೊಳ್ಳದಿದ್ದರೆ ಉಬುಂಟು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಮಾಡದೆ ಟ್ರೈ ಉಬುಂಟು ಅನ್ನುವುದನ್ನು ಆರಿಸಿ, ಫೈಲ್ಸ್ ಆ್ಯಪ್‌ನಲ್ಲಿ ವಿಂಡೋಸ್ ಪಾರ್ಟಿಷನ್ ತೆರೆದು ಕಾಪಿ ಮಾಡಬಹುದು. ಮುಂದೆ ಹೇಳುವುದೆಲ್ಲ ಈ ಕಾಪಿ ಆದ ಮೇಲಿನ ಮಾತು.

ಈಗ ಎರರ್ ಮೆಸೇಜನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದು ನಿಧಾನಕ್ಕೆ ಓದಿ. ಅದರಲ್ಲಿ ಯಾವ ಡಿಸ್ಕಿನ ಹೆಸರಿದೆ ಅನ್ನುವುದು ಬಹಳ ಮುಖ್ಯ. ಲಿನಕ್ಸ್‌ನಲ್ಲಿ ಡಿಸ್ಕುಗಳಿಗೆ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳಿರುತ್ತವೆ. ಹೊಸ ಲ್ಯಾಪ್‌ಟಾಪ್‌ನ ಎನ್‌ವಿಎಂಇ ಎಸ್‌ಎಸ್‌ಡಿಗೆ ಎನ್‌ವಿಎಂಇಯಿಂದ ಶುರುವಾಗುವ ಬೇರೆಯೇ ಹೆಸರು. ಅಂಥ ಲ್ಯಾಪ್‌ಟಾಪ್‌ನಲ್ಲಿ ಎಸ್‌ಡಿಎ ಅಂದರೆ ಹೆಚ್ಚಾಗಿ ನೀವು ಚುಚ್ಚಿರುವ ಪೆನ್‌ಡ್ರೈವ್! 'ಎಸ್‌ಡಿಎ ಓದುವಾಗ ಇನ್‌ಪುಟ್ ಔಟ್‌ಪುಟ್ ಎರರ್' ಅಂತ ಬಂದರೆ ಒಳಗಿನ ಡಿಸ್ಕೇ ಹೋಯಿತು ಅಂತ ಗಾಬರಿಯಾಗುವವರು ಜಾಸ್ತಿ. ಡಿಸ್ಕ್ಸ್ ಎಂಬ ಆ್ಯಪ್ ತೆರೆದು ಯಾವ ಹೆಸರಿಗೆ ಎಷ್ಟು ಜಿಬಿ ಅಂತ ನೋಡಿದರೆ ಅನುಮಾನ ಮುಗಿಯಿತು. ಎರರ್ ಪೆನ್‌ಡ್ರೈವ್‌ನದ್ದಾದರೆ ಐಎಸ್‌ಒ ಫೈಲನ್ನು (ಉಬುಂಟು ಇನ್‌ಸ್ಟಾಲರ್ ಇರುವ ಫೈಲ್) ಮತ್ತೆ ಇಳಿಸಿ, ಚೆಕ್‌ಸಮ್ (ಫೈಲ್ ಸರಿಯಾಗಿ ಇಳಿದಿದೆಯೇ ಅಂತ ತಿಳಿಸುವ ಸಂಖ್ಯೆ) ತಾಳೆ ನೋಡಿ, ಬೇರೆ ಪೆನ್‌ಡ್ರೈವ್‌ಗೆ ಬರೆಯಿರಿ.

ಹೆಸರು ಒಳಗಿನ ಡಿಸ್ಕಿನದ್ದೇ ಆಗಿದ್ದರೆ ಅದರ ಆರೋಗ್ಯ ನೋಡೋಣ. ಅದೇ ಡಿಸ್ಕ್ಸ್ ಆ್ಯಪ್‌ನಲ್ಲಿ ಡಿಸ್ಕನ್ನು ಆರಿಸಿ, ಮೆನುವಿನಲ್ಲಿ ಸ್ಮಾರ್ಟ್ ಡೇಟಾ ಅನ್ನುವುದನ್ನು ಒತ್ತಿ. ದೊಡ್ಡ ಪಟ್ಟಿ ಬರುತ್ತದೆ. ಎಲ್ಲದಕ್ಕೂ ತಲೆ ಕೆಡಿಸಿಕೊಳ್ಳಬೇಡಿ. ಹಾರ್ಡ್ ಡಿಸ್ಕ್ ಆದರೆ ಮೂರು ಸಾಲು ಸಾಕು. ಇಲ್ಲಿ ಸೆಕ್ಟರ್ ಅಂದರೆ ಡಿಸ್ಕಿನ ಒಂದು ಚಿಕ್ಕ ತುಣುಕು. 5ನೇ ನಂಬರಿನದು ರೀಅಲೊಕೇಟೆಡ್ ಸೆಕ್ಟರ್: ಕೆಟ್ಟುಹೋಗಿ, ಬದಲಿ ಜಾಗ ಕೊಟ್ಟಾಗಿರುವ ಸೆಕ್ಟರ್‌ಗಳು. 197ನೆಯದು ಪೆಂಡಿಂಗ್ ಸೆಕ್ಟರ್: ಡಿಸ್ಕ್ ಓದಲು ಹೋಗಿ ಸೋತ, ಇನ್ನೂ ತೀರ್ಮಾನವಾಗದ ಸೆಕ್ಟರ್‌ಗಳು. 199ನೆಯದು ಸಿಆರ್‌ಸಿ ಎರರ್: ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವಿನ ದಾರಿಯಲ್ಲಿ ಆದ ತಪ್ಪುಗಳು.

197ರಲ್ಲಿ ಸೊನ್ನೆಗಿಂತ ಹೆಚ್ಚಿದ್ದರೆ, ಅದರ ಜೊತೆ 5ನೆಯದೂ ದಿನೇ ದಿನೇ ಏರುತ್ತಿದ್ದರೆ, ಆ ಡಿಸ್ಕಿಗೆ ಎರಡನೇ ಆಪರೇಟಿಂಗ್ ಸಿಸ್ಟಂ ಹಾಕುವ ಯೋಚನೆ ಬಿಡಿ. ಪಾರ್ಟಿಷನ್ ಚಿಕ್ಕದು ಮಾಡುವುದು ಅಂದರೆ ಸಾವಿರಾರು ಫೈಲ್‌ಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಎತ್ತಿಡುವುದು. ಸೊರಗಿದ ಡಿಸ್ಕಿಗೆ ಅದು ತಡೆಯುವ ಕೆಲಸವಲ್ಲ. ಹೊಸ ಎಸ್‌ಎಸ್‌ಡಿ ಹಾಕಿಸಿಕೊಳ್ಳಿ, ಹಳೆ ಲ್ಯಾಪ್‌ಟಾಪ್ ಓಡುವ ರೀತಿಯೇ ಬದಲಾಗುತ್ತದೆ. 199 ಮಾತ್ರ ಏರುತ್ತಿದ್ದರೆ ಡಿಸ್ಕ್ ಬಿಟ್ಟು ಕೇಬಲ್ ನೋಡಿ. ಡೆಸ್ಕ್‌ಟಾಪ್ ಆದರೆ ಸಾಟಾ ಕೇಬಲ್ ಬದಲಿಸಿದರೆ ಸರಿಹೋಗಬಹುದು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕಡಿಮೆ ಬೆಲೆಗೆ ಸಿಗುವ ವಸ್ತು ಅದು. ಕೇಬಲ್ ಬದಲಿಸಿದ ಮೇಲೂ ಈ ಸಂಖ್ಯೆ ಇಳಿಯುವುದಿಲ್ಲ, ಮುಂದೆ ಏರದಿದ್ದರೆ ಸಾಕು. ಎನ್‌ವಿಎಂಇ ಎಸ್‌ಎಸ್‌ಡಿಗಳಲ್ಲಿ ಈ ನಂಬರ್‌ಗಳು ಇರುವುದಿಲ್ಲ. ಅಲ್ಲಿ ಮೀಡಿಯಾ ಎರರ್ ಎಷ್ಟು, ಪರ್ಸೆಂಟೇಜ್ ಯೂಸ್ಡ್ (ಎಸ್‌ಎಸ್‌ಡಿಯ ಆಯಸ್ಸು ಎಷ್ಟು ಕಳೆದಿದೆ ಎಂಬ ಅಂದಾಜು) ಎಷ್ಟು ಅಂತ ನೋಡಿ.

ಡಿಸ್ಕ್ ಗಟ್ಟಿಯಾಗಿದೆ ಅಂತಾದರೆ ಉಳಿದದ್ದು ಫೈಲ್ ಸಿಸ್ಟಂನ (ಡಿಸ್ಕಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆಯ) ಮಾತು. ನಿಮ್ಮ ತೊಂದರೆ ಇಲ್ಲೇ ಇರುವ ಸಾಧ್ಯತೆ ಹೆಚ್ಚು.

ವಿಂಡೋಸ್ 8ರಿಂದ, ಅಂದರೆ 2012ರಿಂದ, ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಬಂದಿದೆ. ನೀವು ಶಟ್‌ಡೌನ್ ಒತ್ತಿದಾಗ ನಿಮ್ಮ ಆ್ಯಪ್‌ಗಳು ಮುಚ್ಚುತ್ತವೆ, ಆದರೆ ವಿಂಡೋಸ್‌ನ ಒಳಭಾಗ ಪೂರ್ತಿ ಮುಚ್ಚುವುದಿಲ್ಲ. ತನ್ನ ಸ್ಥಿತಿಯನ್ನು ಹೈಬರ್ನೇಶನ್ ಫೈಲ್‌ನಲ್ಲಿ ಬರೆದಿಟ್ಟು ಮಲಗುತ್ತದೆ. ಮರುದಿನ ಬೇಗ ಏಳಲಿ ಅಂತ ಈ ವ್ಯವಸ್ಥೆ. ಲೆಕ್ಕದ ಪುಸ್ತಕ ಅರ್ಧ ಬರೆದಿಟ್ಟು ಅಂಗಡಿ ಬಾಗಿಲು ಹಾಕಿಕೊಂಡು ಹೋದ ಹಾಗೆ. ಆ ಹೊತ್ತಿಗೆ ಬೇರೆಯವರು ಬಂದು ಸಾಮಾನು ಜರುಗಿಸಿದರೆ ಬೆಳಿಗ್ಗೆ ಲೆಕ್ಕ ತಾಳೆಯಾಗುವುದಿಲ್ಲ, ಅಲ್ವಾ? ಅದಕ್ಕೇ ಉಬುಂಟು ಆ ಪಾರ್ಟಿಷನ್‌ನಲ್ಲಿ ಓದುತ್ತದೆ, ಬರೆಯುವುದಿಲ್ಲ. 'ವಿಂಡೋಸ್ ಹೈಬರ್ನೇಟ್ ಆಗಿದೆ, ಮೌಂಟ್ ಮಾಡುವುದಿಲ್ಲ', 'ಎನ್‌ಟಿಎಫ್‌ಎಸ್ ಅಸುರಕ್ಷಿತ ಸ್ಥಿತಿಯಲ್ಲಿದೆ' ಎಂಬ ಅರ್ಥದ ಇಂಗ್ಲಿಷ್ ಮೆಸೇಜ್ ಬಂದರೆ ಕಾರಣ ಇದೇ. ಎನ್‌ಟಿಎಫ್‌ಎಸ್ ಅಂದರೆ ವಿಂಡೋಸ್‌ನ ಫೈಲ್ ಸಿಸ್ಟಂ, ಮೌಂಟ್ ಅಂದರೆ ಪಾರ್ಟಿಷನ್ ತೆರೆದು ಬಳಕೆಗೆ ತರುವುದು.

ಸರಿಮಾಡುವುದು ಸುಲಭ. ವಿಂಡೋಸ್‌ನಲ್ಲಿ ಕಂಟ್ರೋಲ್ ಪ್ಯಾನೆಲ್ ತೆರೆದು ಪವರ್ ಆಪ್ಶನ್ಸ್‌ಗೆ ಹೋಗಿ. ಎಡಗಡೆ ಪವರ್ ಬಟನ್ ಏನು ಮಾಡಬೇಕು ಎಂಬ ಲಿಂಕ್ ಇದೆ, ಅದನ್ನು ಒತ್ತಿ. ಕೆಳಗಿನ ಆಯ್ಕೆಗಳು ಮಸುಕಾಗಿ ಕಂಡರೆ ಮೇಲಿನ ಚೇಂಜ್ ಸೆಟ್ಟಿಂಗ್ಸ್ ಸಾಲನ್ನು ಒತ್ತಿದ ಮೇಲೆ ತೆರೆದುಕೊಳ್ಳುತ್ತವೆ. ಅಲ್ಲಿ ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್ ಮುಂದಿನ ಟಿಕ್ ತೆಗೆದು ಸೇವ್ ಮಾಡಿ.

ಇದಾದ ಮೇಲೂ 'ವಾಲ್ಯೂಮ್ ಈಸ್ ಶೆಡ್ಯೂಲ್ಡ್ ಫಾರ್ ಚೆಕ್' ಅಂತ ಬರಬಹುದು. ಎನ್‌ಟಿಎಫ್‌ಎಸ್ ತನ್ನೊಳಗೆ ಒಂದು ಗುರುತು ಇಟ್ಟುಕೊಂಡಿರುತ್ತದೆ. ಕರೆಂಟ್ ಹೋಗಿ ಕಂಪ್ಯೂಟರ್ ಥಟ್ಟನೆ ಆಫ್ ಆದಾಗಲೋ, ಫೈಲ್ ಪಟ್ಟಿಯಲ್ಲಿ ಏನೋ ಹೊಂದದೆ ಇದ್ದಾಗಲೋ 'ನನ್ನನ್ನು ತಪಾಸಣೆ ಮಾಡಿ' ಎಂಬ ಆ ಗುರುತು ಬೀಳುತ್ತದೆ. ಅದು ಇರುವವರೆಗೂ ಪಾರ್ಟಿಷನ್ ಚಿಕ್ಕದು ಮಾಡುವ ಸಾಫ್ಟ್‌ವೇರ್ ಮುಂದೆ ಹೋಗುವುದಿಲ್ಲ. ಇದನ್ನು ಸರಿಪಡಿಸಬೇಕಾದ್ದು ವಿಂಡೋಸ್ ಕಡೆಯಿಂದಲೇ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಸಿ, ಎಚ್, ಕೆ, ಡಿ, ಎಸ್, ಕೆ ಈ ಆರು ಅಕ್ಷರ ಒಟ್ಟಿಗೆ ಟೈಪ್ ಮಾಡಿ, ಜಾಗ ಬಿಟ್ಟು ಸಿ ಮತ್ತು ಕೋಲನ್, ಮತ್ತೆ ಜಾಗ ಬಿಟ್ಟು ಮುಂದಕ್ಕೆ ವಾಲಿದ ಓರೆ ಗೆರೆ ಮತ್ತು ಎಫ್ ಹಾಕಿ ಎಂಟರ್ ಒತ್ತಿ. ಡ್ರೈವ್ ಬಳಕೆಯಲ್ಲಿದೆ, ಮುಂದಿನ ಸಲ ಶುರುವಾಗುವಾಗ ನೋಡಲಾ ಅಂತ ಕೇಳುತ್ತದೆ. ವೈ ಒತ್ತಿ.

ಆಮೇಲೆ ರೀಸ್ಟಾರ್ಟ್ ಕೊಡಿ, ಶಟ್‌ಡೌನ್ ಕೊಡಬೇಡಿ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದಾಗಲೂ ರೀಸ್ಟಾರ್ಟ್‌ನಲ್ಲಿ ವಿಂಡೋಸ್ ಪೂರ್ತಿ ಮುಚ್ಚಿ ಹೊಸದಾಗಿ ಏಳುತ್ತದೆ, ಹಾಗಾಗಿ ತಪಾಸಣೆ ತಪ್ಪುವುದಿಲ್ಲ. ಅದು ಮುಗಿದು ವಿಂಡೋಸ್ ಬಂದ ಮೇಲೆ ಇನ್ನೊಮ್ಮೆ ರೀಸ್ಟಾರ್ಟ್ ಮಾಡಿ, ಆಗ ಉಬುಂಟು ಕಡೆ ಹೋಗಿ. ಎಫ್ ಬದಲು ಆರ್ ಹಾಕಿದರೆ ಇಡೀ ಡಿಸ್ಕನ್ನು ಓದಿ ಕೆಟ್ಟ ಸೆಕ್ಟರ್ ಹುಡುಕುತ್ತದೆ. ದೊಡ್ಡ ಹಾರ್ಡ್ ಡಿಸ್ಕಿನಲ್ಲಿ ಗಂಟೆಗಟ್ಟಲೆ ಹಿಡಿಯುತ್ತದೆ. ಸ್ಮಾರ್ಟ್ ಪಟ್ಟಿಯಲ್ಲಿ ಪೆಂಡಿಂಗ್ ಸೆಕ್ಟರ್ ಕಂಡಿದ್ದರೆ, ಫೈಲ್‌ಗಳ ಕಾಪಿ ಆಗದೆ ಆರ್ ಹಾಕಲೇಬೇಡಿ.

ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಲಿನಕ್ಸ್‌ನ ಎನ್‌ಟಿಎಫ್‌ಎಸ್‌ಫಿಕ್ಸ್ ಓಡಿಸಿ ಅಂತ ಸಲಹೆ ಸಿಗುತ್ತದೆ. ಹೆಸರು ಕೇಳಿ ಮೋಸ ಹೋಗಬೇಡಿ. ಅದು ಕೆಲವು ಸಣ್ಣ ತೊಡಕು ತಿದ್ದಿ, ಜರ್ನಲ್ (ಬದಲಾವಣೆಗಳನ್ನು ಬರೆದಿಡುವ ದಾಖಲೆ) ಖಾಲಿ ಮಾಡಿ, ಮುಂದಿನ ಸಲ ವಿಂಡೋಸ್ ತಪಾಸಣೆ ಮಾಡಲಿ ಅಂತ ಗುರುತು ಹಾಕುತ್ತದೆ, ಅಷ್ಟೇ. ಪೂರ್ತಿ ರಿಪೇರಿ ಅದರ ಕೆಲಸವಲ್ಲ. ಫೋರ್ಸ್ ಮಾಡುವ ಆಯ್ಕೆಗಳೂ ಬೇಡ. ವಿಂಡೋಸ್ ಇನ್ನೂ ಇದೆ, ಬೂಟ್ ಆಗುತ್ತಿದೆ ಅಂದಮೇಲೆ ಅದರ ಫೈಲ್ ಸಿಸ್ಟಂ ಅದೇ ನೋಡಿಕೊಳ್ಳಲಿ. ಈ ವಿಷಯದಲ್ಲಿ ನನಗೆ ಎರಡು ಮಾತಿಲ್ಲ.

ಪಾರ್ಟಿಷನ್ ಚಿಕ್ಕದು ಮಾಡುವುದನ್ನೂ ವಿಂಡೋಸ್‌ನಲ್ಲೇ ಮಾಡಿ ಅನ್ನುತ್ತೇನೆ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್, ಡಿಸ್ಕ್ ಮ್ಯಾನೇಜ್‌ಮೆಂಟ್, ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್, ಶ್ರಿಂಕ್ ವಾಲ್ಯೂಮ್. ಲೆಕ್ಕ ಎಂಬಿಯಲ್ಲಿ ಕೇಳುತ್ತದೆ. ಉಬುಂಟುಗೆ 25 ಜಿಬಿ ಕನಿಷ್ಠ, 50 ಜಿಬಿ ಇದ್ದರೆ ಆರಾಮ. 50 ಜಿಬಿಗೆ 51200 ಅಂತ ಹಾಕಿ. ಸಿಕ್ಕ ಖಾಲಿ ಜಾಗವನ್ನು ಹಾಗೇ ಬಿಡಿ, ಹೊಸ ವಾಲ್ಯೂಮ್ ಮಾಡಬೇಡಿ. ಲ್ಯಾಪ್‌ಟಾಪ್‌ಗೆ ಚಾರ್ಜರ್ ಹಾಕಿರಲಿ. ಡೆಸ್ಕ್‌ಟಾಪ್‌ಗೆ ಯುಪಿಎಸ್ ಇಲ್ಲದಿದ್ದರೆ ಮಳೆ ಗಾಳಿಯ ಸಂಜೆ ಈ ಕೆಲಸ ಬೇಡ.

100 ಜಿಬಿ ಖಾಲಿ ಇದ್ದರೂ 8 ಜಿಬಿ ಮಾತ್ರ ಕೊಡುತ್ತೇನೆ ಅಂತ ವಿಂಡೋಸ್ ಹೇಳುವುದುಂಟು. ಜರುಗಿಸಲಾಗದ ಫೈಲ್‌ಗಳು ನಡುವೆ ಕೂತಿರುತ್ತವೆ: ಪೇಜ್ ಫೈಲ್ (ಮೆಮೊರಿ ಸಾಲದಾಗ ವಿಂಡೋಸ್ ಬಳಸುವ ಫೈಲ್), ಹೈಬರ್ನೇಶನ್ ಫೈಲ್, ಸಿಸ್ಟಂ ರಿಸ್ಟೋರ್‌ನ ಹಳೆ ಪ್ರತಿಗಳು. ಮೂರನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ, ಮತ್ತೆ ಶ್ರಿಂಕ್ ಕೊಡಿ. ಜಾಗ ಸಿಕ್ಕ ಮೇಲೆ ಪೇಜ್ ಫೈಲ್ ಮತ್ತು ಸಿಸ್ಟಂ ರಿಸ್ಟೋರ್ ಆನ್ ಮಾಡಿಕೊಳ್ಳಿ.

ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪ್‌ನವರಿಗೆ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕಿದಂತೆ ಎನ್‌ಕ್ರಿಪ್ಟ್ ಮಾಡುವ ಸೌಲಭ್ಯ) ಅಡ್ಡ ಬರುತ್ತದೆ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದಾಗ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಅದು ತಾನಾಗಿ ಆನ್ ಆಗುತ್ತದೆ, ಮಾಲೀಕರಿಗೆ ಗೊತ್ತೇ ಇರುವುದಿಲ್ಲ. ಏನನ್ನೂ ಬದಲಿಸುವ ಮೊದಲು ಅಕೌಂಟ್‌ಗೆ ಹೋಗಿ 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ಆಫ್ ಮಾಡಿ, ಡಿಕ್ರಿಪ್ಟ್ ಆಗಿ ಮುಗಿಯುವವರೆಗೂ ಕಾಯಿರಿ.

ಇನ್‌ಸ್ಟಾಲರ್‌ನಲ್ಲಿ ಒಳಗಿನ ಡಿಸ್ಕೇ ಕಾಣದಿದ್ದರೆ? ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಮೂಲ ಸೆಟ್ಟಿಂಗ್ಸ್) ಸ್ಟೋರೇಜ್ ಕಂಟ್ರೋಲರ್ ಇಂಟೆಲ್ ಆರ್‌ಎಸ್‌ಟಿ ಅಥವಾ ರೇಡ್ ಮೋಡ್‌ನಲ್ಲಿದೆಯೇ ನೋಡಿ. ಅದನ್ನು ಎಎಚ್‌ಸಿಐಗೆ ಬದಲಿಸಬೇಕು. ಆದರೆ ನೇರವಾಗಿ ಬದಲಿಸಿದರೆ ವಿಂಡೋಸ್ ನೀಲಿ ಪರದೆಯಲ್ಲಿ ನಿಲ್ಲಬಹುದು. ಮೊದಲು ಸಿಸ್ಟಂ ಕಾನ್ಫಿಗರೇಶನ್ ತೆರೆದು ಬೂಟ್ ಟ್ಯಾಬ್‌ನಲ್ಲಿ ಸೇಫ್ ಬೂಟ್ ಟಿಕ್ ಮಾಡಿ. ರೀಸ್ಟಾರ್ಟ್ ಆಗುವಾಗ ಬಯಾಸ್‌ಗೆ ಹೋಗಿ ಮೋಡ್ ಬದಲಿಸಿ. ವಿಂಡೋಸ್ ಸೇಫ್ ಮೋಡ್‌ನಲ್ಲಿ ಎದ್ದು ಹೊಸ ಡ್ರೈವರ್ ಹಾಕಿಕೊಳ್ಳುತ್ತದೆ. ಆಮೇಲೆ ಟಿಕ್ ತೆಗೆಯಿರಿ. ಸೇಫ್ ಮೋಡ್‌ನಲ್ಲಿ ಪಿನ್ ನಡೆಯದೆ ಇರಬಹುದು, ಅಕೌಂಟಿನ ಪಾಸ್‌ವರ್ಡ್ ನೆನಪಿರಲಿ.

ವಿಂಡೋಸ್ 7 ಕಾಲದ ಲ್ಯಾಪ್‌ಟಾಪ್ ಆದರೆ ಇನ್ನೊಂದು ತೊಡಕು. ಡಿಸ್ಕಿನ ಪಾರ್ಟಿಷನ್ ಪಟ್ಟಿ ಇಡುವ ಹಳೆ ಎಂಬಿಆರ್ ಪದ್ಧತಿಯಲ್ಲಿ ನಾಲ್ಕೇ ಪ್ರೈಮರಿ ಪಾರ್ಟಿಷನ್. ಕಂಪನಿಯವರೇ ನಾಲ್ಕನ್ನೂ ಮಾಡಿ ಕೊಟ್ಟಿದ್ದರೆ ಖಾಲಿ ಜಾಗ ಇದ್ದೂ ಇನ್‌ಸ್ಟಾಲರ್ ಅದನ್ನು ಅನ್‌ಯೂಸಬಲ್ ಅನ್ನುತ್ತದೆ. ಆಗ ವಿಂಡೋಸ್‌ನಲ್ಲಿ ಐದನೆಯದನ್ನು ಮಾಡಲು ಹೋದರೆ ಡಿಸ್ಕನ್ನು ಡೈನಾಮಿಕ್‌ಗೆ ಬದಲಿಸಲಾ ಅಂತ ಕೇಳುತ್ತದೆ. ಬೇಡ ಅನ್ನಿ. ಡೈನಾಮಿಕ್ ಆದ ಡಿಸ್ಕಿನ ಮೇಲೆ ಉಬುಂಟು ಹಾಕುವುದು ಇನ್ನೂ ಕಷ್ಟ. ಬಳಸದ ಒಂದು ಪಾರ್ಟಿಷನ್‌ನ ಕಾಪಿ ತೆಗೆದು, ಅದನ್ನು ಅಳಿಸಿ, ಆ ಜಾಗದಲ್ಲಿ ಎಕ್ಸ್‌ಟೆಂಡೆಡ್ ಪಾರ್ಟಿಷನ್ (ತನ್ನೊಳಗೆ ಬೇರೆ ಪಾರ್ಟಿಷನ್‌ಗಳನ್ನು ಇಟ್ಟುಕೊಳ್ಳುವಂಥದ್ದು) ಮಾಡುವುದೇ ದಾರಿ.

ಧೈರ್ಯವಾಗಿ ಫಿಕ್ಸ್ ಒತ್ತಬಹುದಾದ ಮೆಸೇಜ್ ಒಂದಿದೆ. ಚಿಕ್ಕ ಎಸ್‌ಎಸ್‌ಡಿಯಿಂದ ದೊಡ್ಡದಕ್ಕೆ ಕ್ಲೋನ್ (ಇದ್ದದ್ದೆಲ್ಲ ಹಾಗೇ ನಕಲು) ಮಾಡಿಸಿದ್ದರೆ, ಡಿಸ್ಕಿನ ಎಲ್ಲ ಜಾಗ ಬಳಕೆಯಾಗುತ್ತಿಲ್ಲ, ಜಿಪಿಟಿ ಸರಿಮಾಡಲಾ ಅಂತ ಕೇಳುತ್ತದೆ. ಜಿಪಿಟಿ ಅಂದರೆ ಹೊಸ ಪದ್ಧತಿಯ ಪಾರ್ಟಿಷನ್ ಪಟ್ಟಿ. ಅದರ ಎರಡನೇ ಪ್ರತಿ ಡಿಸ್ಕಿನ ಕೊನೆಯಲ್ಲಿ ಇರಬೇಕು. ಕ್ಲೋನ್ ಆದಾಗ ಅದು ಹಳೆ ಅಳತೆಯ ಕೊನೆಯಲ್ಲೇ ಉಳಿದಿರುತ್ತದೆ. ಫಿಕ್ಸ್ ಕೊಟ್ಟರೆ ಅದನ್ನು ಸರಿಯಾದ ಜಾಗಕ್ಕೆ ಹಾಕುತ್ತದೆ, ನಿಮ್ಮ ಫೈಲ್‌ಗಳನ್ನು ಮುಟ್ಟುವುದಿಲ್ಲ.

ಇಷ್ಟೆಲ್ಲಾ ಆಗಿ ಉಬುಂಟು ಕೂತಿತು ಅನ್ನಿ. ಆಮೇಲೂ ಫಾಸ್ಟ್ ಸ್ಟಾರ್ಟಪ್ ಆಫ್ ಆಗಿಯೇ ಇರಲಿ. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಆದಾಗಲೆಲ್ಲ ಆ ಟಿಕ್ ಮತ್ತೆ ಬಂದಿದೆಯಾ ಅಂತ ನೋಡಿ. ಉಬುಂಟುವಿನ ಎಕ್ಸ್ಟ್4 (ಲಿನಕ್ಸ್‌ನ ಫೈಲ್ ಸಿಸ್ಟಂ) ಪಾರ್ಟಿಷನ್ ವಿಂಡೋಸ್‌ಗೆ ಓದಲು ಬರುವುದಿಲ್ಲ. ಅದಕ್ಕೆ ಡ್ರೈವ್ ಅಕ್ಷರ ಸಿಕ್ಕಿಬಿಟ್ಟಿದ್ದರೆ, ಈ ಡಿಸ್ಕ್ ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು ಅಂತ ಕೇಳುತ್ತದೆ. ಕ್ಯಾನ್ಸಲ್ ಒತ್ತಿ. ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಆ ಪಾರ್ಟಿಷನ್‌ನ ಡ್ರೈವ್ ಅಕ್ಷರ ಮಾತ್ರ ತೆಗೆದುಹಾಕಿ. ಮತ್ತೆ ಕೇಳುವುದಿಲ್ಲ. ಮನೆಯಲ್ಲಿ ಆ ಲ್ಯಾಪ್‌ಟಾಪನ್ನು ಬೇರೆಯವರೂ ಬಳಸುತ್ತಿದ್ದರೆ ಇದನ್ನು ಅವತ್ತೇ ಮಾಡಿ.