ಕ್ರೆಟಾ ಬೆಲೆಗೆ ಜೆಡ್4 ಸಿಗ್ತಿದೆ, ತಗೊಳ್ಳಲಾ?

ಪ್ರಶ್ನೆ: ನಮ್ಮದು ತುಮಕೂರು, ಕೆಲಸ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ. ಚಿಕ್ಕಂದಿನಿಂದ ಸ್ಪೋರ್ಟ್ಸ್ ಕಾರಿನ ಹುಚ್ಚು. 2011ರ ಬಿಎಂಡಬ್ಲ್ಯು ಜೆಡ್4 35ಐ ಒಂದು 15 ಲಕ್ಷಕ್ಕೆ ಇದೆ, ದೆಹಲಿ ನಂಬರ್. ‘ಸಣ್ಣಪುಟ್ಟ ಕೆಲಸ ಇದೆ ಅಷ್ಟೇ’ ಅಂತಾರೆ ಮಾರುವವರು. ನನ್ನ ಹತ್ತಿರ 18 ಲಕ್ಷ ಇದೆ. ಅಷ್ಟಕ್ಕೆ ಹೊಸ ಕ್ರೆಟಾ ಬರುತ್ತೆ ಅಂತ ಮನೆಯಲ್ಲಿ ಹೇಳ್ತಿದ್ದಾರೆ. ಜೆಡ್4 ತಗೊಂಡು ಇಲ್ಲೇ ರೆಡಿ ಮಾಡಿಸಿಕೊಳ್ಳಬಹುದಾ? 50 ಸಾವಿರ ಅಡ್ವಾನ್ಸ್ ಹಾಕಿ ಅಂತ ದಿನಾ ಫೋನ್ ಬರ್ತಿದೆ.

ಉತ್ತರ: ಈ ಗಾಡಿ ಬೇಡ. ಜೆಡ್4 ಅನ್ನೋ ಕಾರೇ ಬೇಡ ಅಂತ ನಾನು ಹೇಳುತ್ತಿಲ್ಲ. ದೆಹಲಿ ನಂಬರು, 15 ವರ್ಷದ ಅಂಚಿಗೆ ಬಂದ ಆರ್‌ಸಿ, ಕೊಂಡ ಮೇಲೆ ಕೈಯಲ್ಲಿ ಉಳಿಯೋದು ಬರೀ 3 ಲಕ್ಷ. ಈ ಮೂರೂ ಒಂದೇ ಗಾಡಿಯಲ್ಲಿ ಸೇರಿದರೆ ಕಷ್ಟ.

ಹಳೇ ದುಬಾರಿ ಕಾರಿನ ಬೆಲೆ ಬೀಳುತ್ತದೆ, ಅದರ ಸ್ಪೇರ್ ಪಾರ್ಟ್ಸ್ ಬೆಲೆ ಬೀಳುವುದಿಲ್ಲ. ಹೊಸದಿದ್ದಾಗ ಈ ಕಾರು 60 ಲಕ್ಷ ಅಂತಲೇ ಇಟ್ಟುಕೊಳ್ಳೋಣ. ಈಗ ಅದು 15 ಲಕ್ಷದ ಗಾಡಿ. ಆದರೆ ಒಳಗಿರುವ ಇಂಜೆಕ್ಟರು, ಪಂಪು, ಗೇರ್‌ಬಾಕ್ಸು 60 ಲಕ್ಷದ ಗಾಡಿಯವೇ. ಜೊತೆಗೆ ಹಿಂದಿನ ಮಾಲೀಕರು ‘ಆಮೇಲೆ ನೋಡೋಣ’ ಅಂತ ಮುಂದಕ್ಕೆ ಹಾಕಿದ ಕೆಲಸಗಳೆಲ್ಲ ನಿಮ್ಮ ತಲೆಗೆ. ಎರಡು ಲಕ್ಷದ ಕೆಲಸ ಮಾಡಿಸಿ ಮರುವಾರವೇ ಗಾಡಿ ಮಾರುವವರು ಎಲ್ಲಿದ್ದಾರೆ? ಬಿಲ್ ಹತ್ತಿರ ಬಂದಾಗಲೇ ಜನ ಮಾರೋದು.

ಮೊದಲು ಕಾಗದಪತ್ರ ನೋಡೋಣ. ದೆಹಲಿ ಗಾಡಿ ಅಗ್ಗ ಯಾಕೆ ಗೊತ್ತಾ? ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ನಿರ್ಬಂಧ ಬಂತು. 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಆಮೇಲೂ ಈ ವಿಷಯ ಕೋರ್ಟಿನಲ್ಲಿ ಅತ್ತಿಂದಿತ್ತ ಆಗುತ್ತಲೇ ಇದೆ. ಹಾಗಾಗಿ ವಯಸ್ಸಾದ ಗಾಡಿಗಳನ್ನು ಅಲ್ಲಿನವರು ಹೊರ ರಾಜ್ಯಕ್ಕೆ ಸಾಗಹಾಕುತ್ತಾರೆ. ಅದರಲ್ಲಿ ಮೋಸ ಏನೂ ಇಲ್ಲ. ಆದರೆ ಆ ಅಗ್ಗದ ಬೆಲೆಯಲ್ಲಿ ನಮ್ಮ ಕರ್ನಾಟಕದ ಟ್ಯಾಕ್ಸ್ ಸೇರಿಲ್ಲ.

20 ಲಕ್ಷ ದಾಟಿದ ಕಾರಿಗೆ ನಮ್ಮಲ್ಲಿ ಲೈಫ್ ಟ್ಯಾಕ್ಸ್ ಶೇ. 18, ಮೇಲೆ ಸೆಸ್ ಬೇರೆ. ಹೊರ ರಾಜ್ಯದಿಂದ ಬಂದ ಗಾಡಿಗೆ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ, ನಿಜ. ಆದರೆ ಲೆಕ್ಕ ಶುರುವಾಗುವುದು ಗಾಡಿ ಹೊಸದಿದ್ದಾಗಿನ ಬೆಲೆಯಿಂದ. ನೀವು ಕೊಟ್ಟ 15 ಲಕ್ಷವನ್ನು ಆರ್‌ಟಿಒ ನೋಡುವುದೇ ಇಲ್ಲ. 60 ಲಕ್ಷಕ್ಕೆ ಶೇ. 18 ಅಂದರೆ 10.8 ಲಕ್ಷ. ಅದರಲ್ಲಿ ಕಾಲು ಭಾಗ ಅಂದರೂ 2.7 ಲಕ್ಷ. ಕೈಯಲ್ಲಿ ಉಳಿದಿದ್ದ 3 ಲಕ್ಷ ಕೆಎ-06 ನಂಬರ್ ಬರುವಷ್ಟರಲ್ಲೇ ಮುಗಿಯಿತು. ಇನ್ನೂ ಸ್ಪ್ಯಾನರ್ ಕೈಗೆ ತಗೊಂಡಿಲ್ಲ!

‘ದೆಹಲಿ ನಂಬರಿನಲ್ಲೇ ಓಡಿಸಿ, ಯಾರು ಕೇಳ್ತಾರೆ’ ಅನ್ನುವವರು ಸಿಗುತ್ತಾರೆ. ಹೊರಗಿನ ಗಾಡಿ ಇಲ್ಲಿ 12 ತಿಂಗಳು ದಾಟಿ ಇದ್ದರೆ ಇಲ್ಲಿನ ನಂಬರ್ ಮಾಡಿಸಲೇಬೇಕು ಅಂತ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಎರಡೇ ಸೀಟಿನ, ಚಾವಣಿ ಮಡಚುವ ಕಾರು ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಯಾರ ಕಣ್ಣಿಗೂ ಬೀಳದೆ ಓಡಾಡುತ್ತದಾ? ಪಾಂಡಿಚೇರಿ ನಂಬರಿನ ದೊಡ್ಡ ಕಾರುಗಳನ್ನು ಸಾರಿಗೆ ಇಲಾಖೆಯವರು ನಿಲ್ಲಿಸಿ ಟ್ಯಾಕ್ಸ್ ಕೇಳುವುದನ್ನು ನೀವೂ ಪೇಪರಿನಲ್ಲಿ ಓದಿರುತ್ತೀರಿ.

ಇನ್ನೊಂದು ಖರ್ಚನ್ನು ಯಾರೂ ಹೇಳುವುದಿಲ್ಲ. ಸ್ವಂತ ಬಳಕೆಯ ಕಾರಿನ ಆರ್‌ಸಿಗೆ 15 ವರ್ಷ ಆಯಸ್ಸು. ಆಮೇಲೆ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. 2022ರ ಏಪ್ರಿಲ್‌ನಿಂದ ಇದರ ಶುಲ್ಕ ಸಾಮಾನ್ಯ ಕಾರಿಗೆ 5,000 ರೂಪಾಯಿ ಆಗಿದೆ, ಇಂಪೋರ್ಟೆಡ್ ಕಾರಿಗೆ 40,000. ಜೆಡ್4 ಹೊರದೇಶದಿಂದ ಪೂರ್ತಿ ಜೋಡಿಸಿಕೊಂಡೇ ಬಂದ ಗಾಡಿ. ಆರ್‌ಸಿಯಲ್ಲಿ ಹಾಗಂತ ಬರೆದಿದೆಯಾ, ಅವಧಿ ಯಾವತ್ತಿಗೆ ಮುಗಿಯುತ್ತದೆ, ಬ್ಯಾಂಕಿನ ಸಾಲ ಬಾಕಿ ಇದೆಯಾ, ಇವಿಷ್ಟನ್ನು ಪರಿವಾಹನ್ ಆ್ಯಪಿನಲ್ಲೇ ನೋಡಿಕೊಳ್ಳಿ.

ಈಗ ಗಾಡಿಗೆ ಬರೋಣ. 35ಐ ಒಳಗಿರುವುದು ಎನ್54 ಅನ್ನುವ ಮೂರು ಲೀಟರಿನ, ಆರು ಸಿಲಿಂಡರಿನ, ಎರಡು ಟರ್ಬೊ ಇರುವ ಇಂಜಿನ್. 306 ಕುದುರೆ ಶಕ್ತಿ. ಓಡಿಸಿದವರು ಮರೆಯುವುದಿಲ್ಲ, ರಿಪೇರಿ ಮಾಡಿಸಿದವರೂ ಮರೆಯುವುದಿಲ್ಲ. ಇದರ ಕಾಯಿಲೆಗಳು ಜಗತ್ತಿಗೇ ಗೊತ್ತು. ಹೈ ಪ್ರೆಷರ್ ಪೆಟ್ರೋಲ್ ಪಂಪ್ ಕೈಕೊಡುತ್ತದೆ. ಈ ಒಂದು ಪಂಪಿಗಾಗಿ 2010ರಲ್ಲಿ ಅಮೆರಿಕದಲ್ಲಿ ಕಂಪನಿಯೇ ಗಾಡಿಗಳನ್ನು ವಾಪಸ್ ಕರೆಸಿತ್ತು. ಇಂಜೆಕ್ಟರು ಸೋರುತ್ತವೆ, ಆರನ್ನೂ ಬದಲಿಸಿದರೆ ಬಿಲ್ ಲಕ್ಷ ದಾಟುತ್ತದೆ. ಆಯಿಲ್ ಫಿಲ್ಟರ್ ಹೌಸಿಂಗಿನ ಗ್ಯಾಸ್ಕೆಟ್ ಒಣಗಿ ಆಯಿಲ್ ಕೆಳಗಿನ ಬೆಲ್ಟ್ ಮೇಲೆ ತೊಟ್ಟಿಕ್ಕುತ್ತದೆ. ಗ್ಯಾಸ್ಕೆಟ್ ಏನೋ ಅಗ್ಗ. ಆದರೆ ನೆನೆದ ಬೆಲ್ಟು ಜಾರಿ ಬಂದರೆ ಇಂಜಿನ್ನಿಗೇ ಕುತ್ತು.

ವಾಟರ್ ಪಂಪ್ ಬೆಲ್ಟಿನಿಂದ ತಿರುಗುವುದಿಲ್ಲ, ಕರೆಂಟಿನ ಮೋಟಾರಿನಿಂದ ತಿರುಗುತ್ತದೆ. ಮುನ್ಸೂಚನೆ ಕೊಡದೆ ನಿಂತುಬಿಡುವುದು ಅದರ ಅಭ್ಯಾಸ. ನಮ್ಮ ಕಡೆ ಇನ್ನೊಂದು ತೊಂದರೆ ಸೇರಿಕೊಳ್ಳುತ್ತದೆ. ಕೂಲೆಂಟ್ ಕಮ್ಮಿಯಾದರೆ ಬೋರ್‌ವೆಲ್ ನೀರು ಸುರಿದುಬಿಡುತ್ತಾರೆ. ತುಮಕೂರಿನ ಬೋರ್ ನೀರು ಎಷ್ಟು ಗಡಸು ಅಂತ ನಿಮ್ಮ ಮನೆಯ ಗೀಸರ್ ಬಿಚ್ಚಿದವರನ್ನು ಕೇಳಿ. ಅದೇ ಬಿಳಿ ಸುಣ್ಣ ರೇಡಿಯೇಟರಿನ ಒಳಗೂ ಕಟ್ಟುತ್ತದೆ. ಇಂಜಿನ್ ತಣ್ಣಗಿದ್ದಾಗ ಕೂಲೆಂಟ್ ಡಬ್ಬದ ಮುಚ್ಚಳ ತೆಗೆದು ಟಾರ್ಚ್ ಹಿಡಿಯಿರಿ. ನೀಲಿಯೋ ಹಸಿರೋ ಬಣ್ಣ ಇದ್ದರೆ ಸರಿ. ಬಣ್ಣವೇ ಇಲ್ಲದ ನೀರು ಅಥವಾ ಕೆಂಚು ರಾಡಿ ಕಂಡರೆ ಮುಚ್ಚಳ ಹಾಕಿ ಮನೆಗೆ ಬನ್ನಿ.

ಗಾಡಿ ನೋಡಲು ಹೋಗುವ ಮುಂಚೆ ‘ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ’ ಅಂತ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಯಾಕೆ ಬಿಸಿ ಮಾಡಿದರು ಅಂತ ಕೇಳಿ. ತಣ್ಣನೆಯ ಇಂಜಿನ್ ಶುರುವಾದಾಗ ಬರುವ ಗಡಗಡ, ಹೊಗೆಯ ಬಣ್ಣ, ಇವೆಲ್ಲ ಬಿಸಿಯಾದ ಮೇಲೆ ಅಡಗಿಹೋಗುತ್ತವೆ. ಒಂದಷ್ಟು ಹೊತ್ತು ಐಡಲ್‌ನಲ್ಲಿ ಬಿಟ್ಟು ಆಮೇಲೆ ಆಕ್ಸಿಲರೇಟರ್ ಒತ್ತಿಸಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಟರ್ಬೊ ಮೇಲೆ ಅನುಮಾನ ಪಡಬೇಕು. ಡಿಪ್‌ಸ್ಟಿಕ್ ಹುಡುಕಬೇಡಿ, ಈ ಇಂಜಿನ್ನಿಗೆ ಅದು ಇಲ್ಲವೇ ಇಲ್ಲ. ಆಯಿಲ್ ಮಟ್ಟ ಸ್ಕ್ರೀನಿನಲ್ಲೇ ನೋಡಬೇಕು.

ಸ್ಕ್ಯಾನರ್ ಹಾಕಿ ‘ನೋಡಿ ಸಾರ್, ಒಂದೂ ಎರರ್ ಇಲ್ಲ’ ಅಂತ ತೋರಿಸುತ್ತಾರೆ. ಎರರ್ ಅಳಿಸಲು ಅರ್ಧ ನಿಮಿಷ ಸಾಕು. ಅಳಿಸಿದ್ದಾರಾ ಅಂತ ಹಿಡಿಯಲು ಅದೇ ಸ್ಕ್ಯಾನರಿನಲ್ಲಿ ‘ರೆಡಿನೆಸ್’ ಅನ್ನುವ ಪುಟ ತೆಗೆಸಿ. ಎರರ್ ಅಳಿಸಿದ ಮೇಲೆ ಗಾಡಿ ಒಂದಿಷ್ಟು ಓಡುವ ತನಕ ಅಲ್ಲಿ ಹಲವು ಸಾಲುಗಳು ‘ನಾಟ್ ರೆಡಿ’ ಅಂತಲೇ ಇರುತ್ತವೆ. ಮೀಟರ್ ತಿರುಗಿಸಿದ್ದಾರಾ ಅನ್ನುವುದಕ್ಕೂ ಒಂದು ದಾರಿ ಇದೆ. ಬಿಎಂಡಬ್ಲ್ಯು ಕೀಲಿಕೈಯಲ್ಲೇ ಕಿಲೋಮೀಟರ್ ದಾಖಲಾಗಿರುತ್ತದೆ, ಕಂಪನಿ ಸರ್ವಿಸ್ ಸೆಂಟರಿನಲ್ಲಿ ಅದನ್ನು ಓದುತ್ತಾರೆ. ಚಾಸಿ ನಂಬರ್ ಕೊಟ್ಟು ಹಳೇ ಸರ್ವಿಸ್ ವಿವರವನ್ನೂ ಕೇಳಿ.

ಚಾವಣಿಯನ್ನು ಕನಿಷ್ಠ ಎರಡು ಮೂರು ಸಲ ಬಿಚ್ಚಿಸಿ, ಮುಚ್ಚಿಸಿ. ಅದು ಲೋಹದ ಚಾವಣಿ, ಹೈಡ್ರಾಲಿಕ್ಸ್ ಮೇಲೆ ಮಡಚಿಕೊಂಡು ಡಿಕ್ಕಿಯೊಳಗೆ ಕೂರುತ್ತದೆ. ಅರ್ಧಕ್ಕೆ ತಡೆದು ನಿಂತರೆ, ‘ಫ್ಯೂಸ್ ಇರಬೇಕು ಅಷ್ಟೇ’ ಅನ್ನುವ ಮಾತು ನಂಬಬೇಡಿ. ಫ್ಯೂಸೇ ಆಗಿದ್ದರೆ ಮಾರುವ ಮುಂಚೆ ಹಾಕಿಸಿರುತ್ತಿದ್ದರು.

ನೀರಲ್ಲಿ ಮುಳುಗಿದ ಗಾಡಿಯಾ ಅನ್ನೋದು ಇನ್ನೂ ದೊಡ್ಡ ಪ್ರಶ್ನೆ. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಯಮಲೂರು, ಬೆಳ್ಳಂದೂರು ಕಡೆ ಎಷ್ಟು ಬೆಂಜು, ಆಡಿಗಳು ಮುಳುಗಿದ್ದವು ನೆನಪಿದೆಯಲ್ಲ? ಚೆನ್ನೈಯಲ್ಲಿ 2015ರಲ್ಲೂ 2023ರಲ್ಲೂ ಇದೇ ಕಥೆ. ಇನ್ಶೂರೆನ್ಸಿನವರು ಪೂರ್ತಿ ನಷ್ಟ ಅಂತ ಬರೆದ ಗಾಡಿಗಳು ಹರಾಜಿನಲ್ಲಿ ಕೈ ಬದಲಾಗಿ, ತೊಳೆದು ಪಾಲಿಶ್ ಆಗಿ ಮತ್ತೆ ಮಾರುಕಟ್ಟೆಗೆ ಬರುತ್ತವೆ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆಯಿರಿ. ಮೇಲಿನ ಭಾಗ ಉಜ್ಜಿ ತೊಳೆದಿರುತ್ತಾರೆ, ಒಳಗೆ ಸುತ್ತಿಕೊಂಡಿರುವ ಕೊನೆಯ ಒಂದು ಗೇಣಿನಲ್ಲಿ ಕೆಸರಿನ ಗೆರೆ ಹಾಗೇ ಇರುತ್ತದೆ. ಸೀಟಿನ ಕೆಳಗೆ ಮೊಬೈಲ್ ಟಾರ್ಚ್ ಬಿಟ್ಟು ಬೋಲ್ಟ್ ನೋಡಿ. ತುಕ್ಕು ಕಂಡರೆ ಬೆಲೆ ಚೌಕಾಸಿಗೇ ಇಳಿಯಬೇಡಿ.

ಇನ್ನು ‘ಇಲ್ಲೇ ರೆಡಿ ಮಾಡಿಸಬಹುದಾ’ ಅನ್ನೋದು. ಅರ್ಧ ಮಾಡಿಸಬಹುದು. ಬ್ರೇಕ್ ಪ್ಯಾಡ್, ಆಯಿಲ್, ಸಸ್ಪೆನ್ಷನ್ ಬುಷ್, ಎಸಿ ಗ್ಯಾಸ್, ಟಿಂಕರಿಂಗ್, ಪೇಂಟಿಂಗ್‌ಗೆ ತುಮಕೂರಿನಲ್ಲಿ ಒಳ್ಳೆ ಕೈಗಳಿವೆ. ಬೆಂಗಳೂರಿಗಿಂತ ಕೂಲಿಯೂ ಕಮ್ಮಿ. ಗಾಡಿ ಕೆಳಭಾಗ ನೋಡಬೇಕಾ? ವಾಟರ್ ಸರ್ವಿಸ್ ಅಂಗಡಿಯಲ್ಲಿ ಲಿಫ್ಟ್ ಮೇಲೆ ಎತ್ತಿಸಿ ನೋಡಿದರೆ ಆಯಿಲ್ ಸೋರಿಕೆ ಎಲ್ಲ ಬಯಲಾಗುತ್ತದೆ. ತೊಳೆಯುವ ಮುಂಚೆ ನೋಡಿ, ತೊಳೆದ ಮೇಲಲ್ಲ.

ಆದರೆ ಇಂಜೆಕ್ಟರ್ ಹಾಕಿದರೆ ಕಂಪ್ಯೂಟರಿಗೆ ಕೋಡ್ ಕೊಡಬೇಕು. ಬ್ಯಾಟರಿ ಬದಲಿಸಿದರೂ ಅಷ್ಟೇ, ಗಾಡಿಗೆ ತಿಳಿಸದಿದ್ದರೆ ಹಳೇ ಬ್ಯಾಟರಿ ಅಂತಲೇ ತಿಳಿದು ಚಾರ್ಜ್ ಮಾಡುತ್ತಿರುತ್ತದೆ. ಏಳು ಗೇರಿನ ಡಬಲ್ ಕ್ಲಚ್ ಗೇರ್‌ಬಾಕ್ಸನ್ನು ಅದರ ಉಪಕರಣ ಇಲ್ಲದವರು ಮುಟ್ಟಲೇಬಾರದು. ಇವಕ್ಕೆಲ್ಲ ಜರ್ಮನ್ ಗಾಡಿಗಳನ್ನೇ ಮಾಡುವ ಬೆಂಗಳೂರಿನ ಗ್ಯಾರೇಜೇ ಗತಿ. ಸೆನ್ಸರ್, ಹಾರ್ನ್, ಕನ್ನಡಿ ಥರದ್ದಕ್ಕೆ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಸುತ್ತಿದರೆ ಉಳಿತಾಯ ಉಂಟು. ಪೆಟ್ರೋಲ್ ಪಂಪು, ವಾಟರ್ ಪಂಪು ಮಾತ್ರ ಗುಜರಿಯದ್ದು ಬೇಡ.

ದಾರಿಯಲ್ಲಿ ನಿಂತರೆ? ಹಗ್ಗ ಕಟ್ಟಿ ಎಳೆಯುವ ಗಾಡಿ ಇದಲ್ಲ. ಹಿಂದಿನ ಚಕ್ರ ನೆಲದ ಮೇಲೆ ಉರುಳುತ್ತಾ ಹೋದರೆ ಗೇರ್‌ಬಾಕ್ಸ್ ಹಾಳಾಗುತ್ತದೆ. ಫ್ಲಾಟ್‌ಬೆಡ್ ಲಾರಿ ಮೇಲೆ ಏರಿಸಿ 70 ಕಿಲೋಮೀಟರ್ ಬೆಂಗಳೂರಿಗೆ ಕಳಿಸಬೇಕು. ಅದರ ಬಾಡಿಗೆಯನ್ನೂ ವರ್ಷದ ಲೆಕ್ಕಕ್ಕೆ ಹಾಕಿಕೊಳ್ಳಿ. ಸ್ಟೆಪ್ನಿಯೂ ಇಲ್ಲ. ರನ್‌ಫ್ಲಾಟ್ ಟೈರ್ ಪಂಕ್ಚರ್ ಆದರೆ 80ರ ವೇಗ ಮೀರದೆ ಸುಮಾರು 80 ಕಿಲೋಮೀಟರ್ ಹೋಗಬಹುದು, ಅಷ್ಟರೊಳಗೆ ಆ ಗಟ್ಟಿ ಟೈರ್ ಬಿಚ್ಚುವ ಮಷೀನ್ ಇರುವ ಅಂಗಡಿ ಸಿಗಬೇಕು. ದೇವರಾಯನದುರ್ಗದ ತಿರುವುಗಳಲ್ಲಿ ಚಾವಣಿ ಬಿಚ್ಚಿ ಓಡಿಸುವ ಆಸೆ ನಿಮಗಿರುತ್ತದೆ, ನನಗೂ ಅರ್ಥವಾಗುತ್ತದೆ. ಆದರೆ ಅಲ್ಲಿಗೆ ಹೋಗುವ ದಾರಿಯ ಹಂಪ್‌ಗಳನ್ನು ಒಂದು ಸಲ ಬೈಕಿನಲ್ಲಿ ಹೋಗಿ ನೋಡಿಕೊಂಡು ಬನ್ನಿ.

ಇನ್ಶೂರೆನ್ಸ್ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಇಷ್ಟು ಹಳೇ ಗಾಡಿಗೆ ಝೀರೋ ಡೆಪ್, ಅಂದರೆ ಸವಕಳಿ ಅಂತ ದುಡ್ಡು ಕಡಿತ ಮಾಡದ ಪಾಲಿಸಿ, ಸಿಗುವುದು ಕಷ್ಟ. ಅದಿಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಕ್ಕೆ ಅರ್ಧ ದುಡ್ಡು ನಿಮ್ಮದೇ. ಗಾಡಿಗೆ 10 ವರ್ಷ ದಾಟಿದ್ದರಿಂದ ಲೋಹದ ಭಾಗಕ್ಕೂ ಅರ್ಧ ನಿಮ್ಮದೇ. ಮುಂದಿನ ಬಂಪರ್ ಒಂದಕ್ಕೆ ಏಟು ಬಿದ್ದರೆ ಏನಾಗುತ್ತೆ ಅಂತ ಲೆಕ್ಕ ಹಾಕಿ.

ಹಾಗಾದರೆ ಆಸೆ ಬಿಟ್ಟುಬಿಡಬೇಕಾ? ಬೇಡ. ಮನೆಯಲ್ಲಿ ದಿನದ ಓಡಾಟಕ್ಕೆ ಬೇರೆ ಗಾಡಿ ಇದ್ದರೆ ಮಾತ್ರ ಮುಂದಕ್ಕೆ ಹೋಗಿ. ಶಿಫ್ಟಿಗೆ ಹೋಗಲು ಇದನ್ನೇ ನೆಚ್ಚಿಕೊಂಡರೆ ತಿಂಗಳಿಗೊಮ್ಮೆ ಬಸ್ ಗತಿ. ಗಾಡಿ ಕೆಎ ನಂಬರಿನದ್ದೇ ಇರಲಿ, ಬೆಲೆ ಎರಡು ಮೂರು ಲಕ್ಷ ಜಾಸ್ತಿಯಾದರೂ ಪರವಾಗಿಲ್ಲ. ಒಂದೇ ಗ್ಯಾರೇಜಿನ ಬಿಲ್ ಕಟ್ಟು ಇಟ್ಟಿರುವ ಮಾಲೀಕರನ್ನು ಹುಡುಕಿ. ಪಂಪು, ಇಂಜೆಕ್ಟರ್ ಬದಲಿಸಿದ ಬಿಲ್ ಕಂಡರೆ ಅದು ಗಾಡಿ ಕೆಟ್ಟಿತ್ತು ಅನ್ನುವ ಸಾಕ್ಷಿ ಅಲ್ಲ, ನಿಮ್ಮ ದುಡ್ಡು ಉಳಿಯಿತು ಅನ್ನುವ ಸಾಕ್ಷಿ. ಗಾಡಿಯ ಬೆಲೆಯ ಮೂರನೇ ಒಂದು ಭಾಗವನ್ನಾದರೂ ಬೇರೆ ತೆಗೆದಿಟ್ಟು, ಅದನ್ನು ಮೊದಲ ವರ್ಷ ರಿಪೇರಿಗೇ ಅಂತ ಮೀಸಲಿಡಿ. ನಿಮ್ಮ 18 ಲಕ್ಷಕ್ಕೆ ಈ ಲೆಕ್ಕ ಹಾಕಿದರೆ ಗಾಡಿಗೆ ಉಳಿಯುವುದು 13.5 ಲಕ್ಷ. ಅಷ್ಟಕ್ಕೆ ಒಳ್ಳೆ ಕೆಎ ನಂಬರಿನ 35ಐ ಸಿಗದಿದ್ದರೆ ಇನ್ನೊಂದು ವರ್ಷ ಕೂಡಿಡಿ. ವೇಗವೇ ಮುಖ್ಯ, ಚಾವಣಿ ಅಲ್ಲ ಅನ್ನುವುದಾದರೆ ಆ ಹೊತ್ತಿಗೆ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಹುಡುಕಿ ನೋಡಿ. ಬೆಲೆ ಅಗ್ಗ ಅಲ್ಲ, ಆದರೆ ಐದು ಜನ ಕೂರಬಹುದು. ಮನೆಯವರನ್ನು ಒಪ್ಪಿಸುವುದೂ ಸುಲಭ.

ಕೊನೆಗೆ ಆ 50 ಸಾವಿರದ ಅಡ್ವಾನ್ಸ್. ಈ ಗಾಡಿಗೆ ಒಂದು ರೂಪಾಯಿಯೂ ಹಾಕಬೇಡಿ. ಮುಂದೆ ಬೇರೆ ಗಾಡಿ ಗೊತ್ತು ಮಾಡಿದಾಗಲೂ ಲಿಫ್ಟ್ ಮೇಲೆ ನೋಡಿ, ಸ್ಕ್ಯಾನ್ ಮಾಡಿಸಿದ ಮೇಲೆಯೇ ಅಡ್ವಾನ್ಸ್. ಅದೂ ಆರ್‌ಸಿಯಲ್ಲಿ ಹೆಸರಿರುವ ಮಾಲೀಕರ ಬ್ಯಾಂಕ್ ಖಾತೆಗೇ ಹೋಗಬೇಕು, ಬ್ರೋಕರ್ ಫೋನ್ ನಂಬರಿಗಲ್ಲ. ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35, ಹೊರ ರಾಜ್ಯದ್ದಾದರೆ ಫಾರ್ಮ್ 28, ಹೆಸರು ಬದಲಾವಣೆಗೆ 29 ಮತ್ತು 30. ಇವು ಕೈಗೆ ಬರದಿದ್ದರೆ ಅಡ್ವಾನ್ಸ್ ವಾಪಸ್ ಅಂತ ಒಂದು ಸಾಲು ಕರಾರಿನಲ್ಲಿ ಬರೆಸಿಕೊಳ್ಳಿ. ಹೆಸರು ಬದಲಾದ 14 ದಿನದೊಳಗೆ ಇನ್ಶೂರೆನ್ಸನ್ನೂ ನಿಮ್ಮ ಹೆಸರಿಗೆ ಮಾಡಿಸಿ. ನಾಳೆ ಮತ್ತೆ ಫೋನ್ ಬಂದರೆ, ‘ಟ್ಯಾಕ್ಸ್ ಕಟ್ಟಿ ಕೆಎ ನಂಬರ್ ಮಾಡಿಸಿ ಕೊಡ್ತೀರಾ?’ ಅಂತ ಕೇಳಿ ನೋಡಿ. ಆಮೇಲೆ ಅವರೇ ಫೋನ್ ಮಾಡುವುದಿಲ್ಲ.