ಜೀನ್ ಸಿಕ್ಕಿತು, ಸರಿ, ಕೆಲಸ ನಡೆದಿದೆಯೇ?

ಸಮುದ್ರದ ಸೂಕ್ಷ್ಮಜೀವಿಗಳ ಬಗ್ಗೆ ಪ್ರಬಂಧ ಬರೆಯುವ ಹುಡುಗ ಹುಡುಗಿಯರು ನನಗೆ ಕರಡು ಕಳಿಸುತ್ತಿರುತ್ತಾರೆ. ಪ್ರೀತಿಯಿಂದಲೇ ಓದುತ್ತೇನೆ. ಆದರೆ ಒಂದು ತೀರ್ಮಾನ ಮತ್ತೆ ಮತ್ತೆ ಎದುರಾಗುತ್ತದೆ: "ಇನ್ನೂರೈವತ್ತು ಮೀಟರ್ ಆಳದ ನೀರಿನಲ್ಲಿ ನಿರ್-ಎಸ್ ಜೀನ್ ಹೇರಳವಾಗಿದೆ, ಹಾಗಾಗಿ ಅಲ್ಲಿ ಡಿನೈಟ್ರಿಫಿಕೇಶನ್ ಜೋರಾಗಿ ನಡೆಯುತ್ತಿದೆ." ನಿರ್-ಎಸ್ ಎಂದರೆ ನೈಟ್ರೈಟನ್ನು ಒಡೆಯುವ ಕಿಣ್ವದ ಜೀನ್. ಡಿನೈಟ್ರಿಫಿಕೇಶನ್ ಎಂದರೆ ನೀರಿನಲ್ಲಿ ಕರಗಿರುವ ನೈಟ್ರೇಟ್, ನೈಟ್ರೈಟ್ ಎಂಬ ಸಾರಜನಕದ ರೂಪಗಳನ್ನು ಸೂಕ್ಷ್ಮಜೀವಿಗಳು ಹಂತ ಹಂತವಾಗಿ ಸಾರಜನಕ ಅನಿಲ ಮಾಡುವುದು. ಮೊದಲರ್ಧಕ್ಕೆ ಡಿಎನ್ಎ ವರದಿಯ ಆಧಾರವಿದೆ. ಎರಡನೆಯರ್ಧಕ್ಕೆ ಯಾವ ಆಧಾರವೂ ಇಲ್ಲ.

ಮನೆಯಲ್ಲಿ ಒರಳುಕಲ್ಲು ಇದೆ ಎಂದ ಮಾತ್ರಕ್ಕೆ ಇವತ್ತು ಹಿಟ್ಟು ರುಬ್ಬಿದ್ದಾರೆ ಎನ್ನಲು ಬರುವುದಿಲ್ಲ. ಜೀನ್ ಕೂಡ ಅಷ್ಟೇ. ಅದರಿಂದ ಆರ್‌ಎನ್‌ಎ ಆಗಬೇಕು, ಆರ್‌ಎನ್‌ಎಯಿಂದ ಕಿಣ್ವ ತಯಾರಾಗಬೇಕು, ಕಿಣ್ವಕ್ಕೆ ಬೇಕಾದ ಕಬ್ಬಿಣವೋ ತಾಮ್ರವೋ ಸಿಗಬೇಕು, ಆಮ್ಲಜನಕ ಅಡ್ಡ ಬರಬಾರದು, ಕೊನೆಗೆ ನೈಟ್ರೈಟ್ ಕೈಗೆಟುಕುವಷ್ಟು ಇರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಜೀನ್ ಇದ್ದೂ ಕೆಲಸ ಇಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು ಎನಿಸುವುದರಿಂದಲೇ ಇಲ್ಲಿ ಬರೆಯುತ್ತಿದ್ದೇನೆ.

ಇದಕ್ಕೆ ನಮ್ಮ ಎರಡು ಕಡಲುಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅರಬ್ಬಿ ಸಮುದ್ರದ ನಡುಪದರದಲ್ಲಿ, ಸುಮಾರು 150 ಮೀಟರಿನಿಂದ ಒಂದು ಕಿಲೋಮೀಟರ್ ಆಳದವರೆಗೆ, ಆಮ್ಲಜನಕ ತೀರ ಕಡಿಮೆ. ಆ ಪದರದ ಮೇಲ್ಭಾಗದಲ್ಲಿ ಎಷ್ಟೋ ಕಡೆ ಇಲ್ಲವೇ ಇಲ್ಲ ಎನ್ನಬಹುದು. ಅಲ್ಲಿ ನೈಟ್ರೈಟ್ ಗುಡ್ಡೆಯಾಗಿ ನಿಂತಿರುತ್ತದೆ, ಸಾರಜನಕ ಅನಿಲವಾಗಿ ಸಮುದ್ರದ ಲೆಕ್ಕದಿಂದ ಹೊರಹೋಗುತ್ತದೆ. ತೆರೆದ ಸಾಗರದಲ್ಲಿ ಹೀಗೆ ದೊಡ್ಡ ಪ್ರಮಾಣದಲ್ಲಿ ಸಾರಜನಕ ಕಳೆದುಕೊಳ್ಳುವ ಮೂರು ಜಾಗಗಳಲ್ಲಿ ಇದೂ ಒಂದು, ಉಳಿದೆರಡು ಪೆಸಿಫಿಕ್‌ನಲ್ಲಿವೆ. ಅಲ್ಲಿಂದ ಭಾರತದ ಇನ್ನೊಂದು ಬದಿಗೆ, ಬಂಗಾಳ ಕೊಲ್ಲಿಗೆ ಬನ್ನಿ. ಅಲ್ಲಿಯೂ ನಡುಪದರದಲ್ಲಿ ಆಮ್ಲಜನಕ ಬಹಳ ಕಡಿಮೆ. ಡಿನೈಟ್ರಿಫಿಕೇಶನ್ ಮಾಡುವ ಜೀನುಗಳೂ ಇವೆ, ನೈಟ್ರೈಟನ್ನೂ ಅಮೋನಿಯಂನ್ನೂ ಕೂಡಿಸಿ ಸಾರಜನಕ ಅನಿಲ ಮಾಡುವ ಅನಮೋಕ್ಸ್ ಬ್ಯಾಕ್ಟೀರಿಯಾಗಳ ಜೀನುಗಳೂ ಇವೆ. ಬರೀ ಜೀನ್ ಪಟ್ಟಿ ನೋಡಿದವರು ಎರಡೂ ಒಂದೇ ಎಂದುಬಿಡುತ್ತಾರೆ.

2017ರಲ್ಲಿ ಲಾರಾ ಬ್ರಿಸ್ಟೋ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಯನ್ನೇ ಎತ್ತಿಕೊಂಡಿತು. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಾಜಿಹ್ ನಖ್ವಿ ಅವರೂ ಆ ತಂಡದಲ್ಲಿದ್ದರು. ಕೊಲ್ಲಿಯ ನೀರಿನಲ್ಲಿ ಸಾರಜನಕ ಅನಿಲ ತಯಾರಾಗುತ್ತಿದ್ದದ್ದು ಅತ್ಯಲ್ಪ. ಕಾರಣ, 10ರಿಂದ 200 ನ್ಯಾನೋಮೋಲಾರ್‌ನಷ್ಟು ಆಮ್ಲಜನಕ ಅಲ್ಲಿ ಉಳಿದಿತ್ತು. ಮೇಲ್ಮೈ ನೀರಿನಲ್ಲಿರುವುದರ ಸಾವಿರದಲ್ಲೊಂದು ಭಾಗ, ಅದಕ್ಕಿಂತಲೂ ಕಡಿಮೆ. ಹಳೆಯ ರಾಸಾಯನಿಕ ವಿಧಾನಕ್ಕೆ ಇದು ಸೊನ್ನೆಯಂತೆಯೇ ಕಾಣುತ್ತದೆ. ಆದರೆ ನೈಟ್ರೈಟನ್ನು ಮರಳಿ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳಿಗೆ ಅಷ್ಟು ಸಾಕು. ಅವು ನೈಟ್ರೈಟನ್ನು ಎತ್ತಿಕೊಂಡುಬಿಡುತ್ತವೆ. ಅನಮೋಕ್ಸ್‌ಗಾಗಲಿ ಡಿನೈಟ್ರಿಫಿಕೇಶನ್‌ಗಾಗಲಿ ಹೆಚ್ಚೇನೂ ಉಳಿಯುವುದಿಲ್ಲ. ಜೀವಿಗಳು ಇವೆ, ಜೀನುಗಳು ಇವೆ, ಕಚ್ಚಾವಸ್ತು ಇಲ್ಲ.

ಇನ್ನೊಂದು ತೊಡಕಿದೆ. ಕಂಪ್ಯೂಟರ್ ಕೊಡುವ ಜೀನ್ ಹೆಸರನ್ನು ಕಣ್ಣುಮುಚ್ಚಿ ನಂಬಬೇಡಿ. ನೈಟ್ರೇಟನ್ನು ನೈಟ್ರೈಟ್ ಮಾಡುವ ನಾರ್-ಜಿ ಜೀನೂ, ನೈಟ್ರೈಟನ್ನು ನೈಟ್ರೇಟ್ ಮಾಡುವ ಕಿಣ್ವದ ಜೀನೂ ಒಂದೇ ವಂಶದವು. ಡೇಟಾಬೇಸ್ ಸುಲಭವಾಗಿ ಒಂದಕ್ಕೆ ಇನ್ನೊಂದರ ಹೆಸರು ಅಂಟಿಸುತ್ತದೆ. ವಂಶವೃಕ್ಷ ಬಿಡಿಸಿ, ಇದು ಯಾವ ಜೀವಿಯ ಜೀನ್ ಎಂದು ನೋಡದಿದ್ದರೆ ಪ್ರಕ್ರಿಯೆಯ ದಿಕ್ಕೇ ತಲೆಕೆಳಗಾಗಿಬಿಡಬಹುದು.

ಅಂಕೋಲೆ ಕಡೆಯ ಒಬ್ಬ ವಿದ್ಯಾರ್ಥಿನಿ ಯಾವ ಆಳದಲ್ಲಿ ಯಾವ ಜೀನ್, ಡಿನೈಟ್ರಿಫಿಕೇಶನ್ ಎಷ್ಟು ಎಂದು ಬಹಳ ಶ್ರದ್ಧೆಯಿಂದ ಒಂದು ಕೋಷ್ಟಕ ಮಾಡಿ ತಂದಿದ್ದಳು. ಅಪ್ಪನದು ಬೋಟು, ಕಡಲು ಆಕೆಗೆ ಹೊಸದಲ್ಲ. "ಇದೇ ಬಾಟಲಿಯ ನೀರಲ್ಲಿ ನೈಟ್ರೈಟ್ ಎಷ್ಟಿತ್ತಮ್ಮ?" ಎಂದೆ. ಅದು ರಸಾಯನಶಾಸ್ತ್ರದವರ ಹಾಳೆಯಲ್ಲಿದೆ, ತಾನು ನೋಡಿಲ್ಲ ಎಂದಳು. ತರಿಸಿ ನೋಡಿದರೆ ಆಕೆ "ತೀವ್ರ" ಎಂದು ಬರೆದಿದ್ದ ಆಳದಲ್ಲಿ ನೈಟ್ರೈಟ್ ಇಲ್ಲವೆನ್ನುವಷ್ಟಿತ್ತು. "ಹಂಗಾರೆ ಈ ಅಧ್ಯಾಯವೇ ಹೋಯ್ತಾ ಸರ್?" ಎಂದು ಮುಖ ಸಣ್ಣ ಮಾಡಿಕೊಂಡಳು. ಹೋಗಲಿಲ್ಲ. ಜೀನ್ ಇದ್ದೂ ಕೆಲಸ ಯಾಕಿಲ್ಲ ಎಂಬುದೇ ಆಕೆಯ ಪ್ರಬಂಧದ ಗಟ್ಟಿ ಅಧ್ಯಾಯವಾಯಿತು.

ಕೆಲಸ ಎಷ್ಟು ವೇಗವಾಗಿ ನಡೆದಿದೆ ಎಂಬ ದರವನ್ನು ಅಳೆಯಲು ದಾರಿ ಇದೆ. ಭಾರದ ಸಾರಜನಕ-15 ಇರುವ ನೈಟ್ರೈಟನ್ನು ನೀರಿಗೆ ಹಾಕಿ, ಹೀಲಿಯಂ ಹಾಯಿಸಿ ಆಮ್ಲಜನಕ ತೆಗೆದು, ಸಣ್ಣ ಸೀಸೆಗಳಲ್ಲಿ ಮುಚ್ಚಿಟ್ಟು, ಗಂಟೆಗಳು ಕಳೆದಂತೆ ಹುಟ್ಟುವ ಅನಿಲದ ತೂಕ ನೋಡುವುದು. ಅನಮೋಕ್ಸ್ ಒಂದು ಪರಮಾಣುವನ್ನು ನೈಟ್ರೈಟಿನಿಂದ, ಇನ್ನೊಂದನ್ನು ಅಮೋನಿಯಂನಿಂದ ತೆಗೆದುಕೊಳ್ಳುವುದರಿಂದ 15ಕ್ಕೆ ಮಾಮೂಲಿ ಸಾರಜನಕದ 14 ಸೇರಿ 29ರ ತೂಕದ ಅನಿಲ ಬರುತ್ತದೆ. ಡಿನೈಟ್ರಿಫಿಕೇಶನ್ ಎರಡನ್ನೂ ನೈಟ್ರೈಟಿನಿಂದಲೇ ತೆಗೆದುಕೊಳ್ಳುವುದರಿಂದ 15ಕ್ಕೆ 15 ಸೇರಿ 30ರದು. ಆದರೆ ಇಲ್ಲೂ ಎಚ್ಚರ ಬೇಕು. ಬಂಗಾಳ ಕೊಲ್ಲಿಯಂಥ ಕಡೆ ಇದ್ದ ಚೂರು ಆಮ್ಲಜನಕವನ್ನೂ ತೆಗೆದು, ಇಲ್ಲದ ನೈಟ್ರೈಟನ್ನು ನಾವೇ ಹಾಕಿದರೆ, ಸಿಗುವುದು ಆ ಜೀವಿಗಳ ಸಾಮರ್ಥ್ಯವೇ ಹೊರತು ಸಮುದ್ರದಲ್ಲಿ ನಡೆಯುತ್ತಿರುವ ದರವಲ್ಲ. ಹಾಗೆಂದು ಸ್ಪಷ್ಟವಾಗಿ ಬರೆಯಿರಿ.

ಜೀನ್ ಹುಡುಕಾಟವನ್ನು ನಾನು ಕೀಳಾಗಿ ಕಾಣುತ್ತಿಲ್ಲ. ಅಮೋನಿಯಾ ಉತ್ಕರ್ಷಿಸುವ ಆರ್ಕಿಯಾಗಳು (ಬ್ಯಾಕ್ಟೀರಿಯಾದಂತೆ ಕಂಡರೂ ಬೇರೆಯೇ ಗುಂಪಿನ ಸೂಕ್ಷ್ಮಜೀವಿಗಳು) ಸಮುದ್ರದ ತುಂಬ ಇವೆ ಎಂಬುದು ನಮಗೆ ತಿಳಿದದ್ದು ಬಹುಪಾಲು ಜೀನುಗಳಿಂದಲೇ. ಆದರೂ ಅಂಥದೊಂದು ಜೀವಿ ಅಮೋನಿಯಾದಿಂದಲೇ ಬದುಕುತ್ತದೆ ಎಂದು ಖಚಿತವಾದದ್ದು 2005ರಲ್ಲಿ, ಸಿಯಾಟಲ್‌ನ ಮತ್ಸ್ಯಾಲಯದ ತೊಟ್ಟಿಯಿಂದ ಅದನ್ನು ಬೇರ್ಪಡಿಸಿ ಬೆಳೆಸಿದಾಗ.

ನಮ್ಮ ಪಶ್ಚಿಮ ಕರಾವಳಿಗೆ ಇದು ದೂರದ ಮಾತಲ್ಲ. ಮುಂಗಾರಿನಲ್ಲಿ ಆಳದ ನೀರು ದಡದತ್ತ ಮೇಲೇರಿ, ಮಳೆಗಾಲದ ಕೊನೆಗೆ ತಳದಲ್ಲಿ ಆಮ್ಲಜನಕ ಮುಗಿಯುತ್ತಾ ಬರುತ್ತದೆ. ಆಗ ಈ ಕರಾವಳಿಯಲ್ಲಿ ನೈಟ್ರಸ್ ಆಕ್ಸೈಡ್ ವಿಪರೀತ ಹೆಚ್ಚುವುದನ್ನು ನಖ್ವಿ ಮತ್ತು ಸಂಗಡಿಗರು 2000ದಲ್ಲೇ ವರದಿ ಮಾಡಿದ್ದಾರೆ. ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 273 ಪಟ್ಟು ಶಾಖ ಹಿಡಿಯುವ ಅನಿಲ ಅದು. ಅದನ್ನು ನಿರುಪದ್ರವಿ ಸಾರಜನಕವಾಗಿಸುವ ನೋಸ್-ಝಡ್ ಕಿಣ್ವಕ್ಕೆ ತಾಮ್ರ ಬೇಕು. ಆಮ್ಲಜನಕ ಸೋಕಿದರೆ ಡಿನೈಟ್ರಿಫಿಕೇಶನ್ ಕಿಣ್ವಗಳ ಸರಣಿಯಲ್ಲಿ ಬೇಗ ಸೋಲುವುದೂ ಅದೇ. ಹಾಗಾಗಿ ಕರಾವಳಿಯ ನೀರಿನಲ್ಲಿ ನೋಸ್-ಝಡ್ ಜೀನ್ ಕಂಡವರು ಅನಿಲದ ಅಳತೆಯನ್ನೂ ಪಕ್ಕದಲ್ಲಿಟ್ಟು ಕಳಿಸಲಿ. ಆಗ ಕರಡನ್ನು ಅದೇ ವಾರ ಓದಿ ಕೊಡುತ್ತೇನೆ.