‘ಹ್ಯಾಪಿಲಿ’: ಖುಷಿಯಾಗಿಯೋ, ಪುಣ್ಯಕ್ಕೋ?

‘ಸಂತೋಷದಿಂದ ಮಳೆ ನಿಂತಿತು.’ ಅವಸರದ ಅನುವಾದಗಳಲ್ಲಿ ಇಂಥ ಸಾಲು ಎದುರಾದರೆ, ಮಳೆಗೇನು ಅಷ್ಟೊಂದು ಸಂತೋಷ ಎಂದು ಓದುಗರು ತಲೆ ಕೆರೆದುಕೊಳ್ಳಬೇಕಾಗುತ್ತದೆ. ಇಂಗ್ಲಿಷಿನ ‘ಹ್ಯಾಪಿಲಿ’ಗೆ ನಿಘಂಟಿನಲ್ಲಿ ಮೊದಲು ಸಿಕ್ಕ ಅರ್ಥವನ್ನೇ ಹಿಡಿದುಕೊಂಡರೆ ಹೀಗಾಗುತ್ತದೆ.

‘ಹ್ಯಾಪಿ’ ಎಂಬ ಗುಣವಾಚಕಕ್ಕೆ ‘ಲಿ’ ಸೇರಿ ಆದ ಕ್ರಿಯಾವಿಶೇಷಣ ಇದು. ಬರೆಯುವಾಗ ನಡುವಿನ ‘ವೈ’ ಅಕ್ಷರ ‘ಐ’ ಆಗುತ್ತದೆ. ಕ್ರಿಯಾಪದದ ಪಕ್ಕದಲ್ಲಿದ್ದರೆ ತೊಡಕೇನಿಲ್ಲ: ಮಕ್ಕಳು ಖುಷಿಯಾಗಿ ಆಡಿದರು, ಅವಳು ನಗುನಗುತ್ತಾ ಒಪ್ಪಿದಳು. ಕಥೆಗಳ ಕೊನೆಯ ‘ಹ್ಯಾಪಿಲಿ ಎವರ್ ಆಫ್ಟರ್’ಗೆ ಮಾತ್ರ ‘ಸುಖವಾಗಿ ಬಾಳಿದರು’ ಎನ್ನುವುದೇ ಸರಿ. ಒಂದು ಗಳಿಗೆಯ ಖುಷಿಯೇ ಬೇರೆ, ಬಾಳಿನುದ್ದದ ಸುಖವೇ ಬೇರೆ.

ಅದೇ ಪದ ವಾಕ್ಯದ ತಲೆಗೆ ಬಂದು, ಮುಂದೊಂದು ಅಲ್ಪವಿರಾಮ ಬಿದ್ದರೆ ಕಥೆ ಬದಲಾಗುತ್ತದೆ. ಆಗ ಅದು ಕೆಲಸ ಹೇಗೆ ನಡೆಯಿತೆಂದು ಹೇಳುವುದಿಲ್ಲ, ಮಾತನಾಡುವವರ ನಿಟ್ಟುಸಿರನ್ನು ಕೇಳಿಸುತ್ತದೆ. ‘ಹಿ ಡಿಡ್ ನಾಟ್ ಡೈ ಹ್ಯಾಪಿಲಿ’ ಎಂದರೆ ಆತ ಸತ್ತದ್ದು ನಿಜ, ನೆಮ್ಮದಿಯಿಂದ ಸಾಯಲಿಲ್ಲ ಅಷ್ಟೆ. ‘ಹ್ಯಾಪಿಲಿ, ಹಿ ಡಿಡ್ ನಾಟ್ ಡೈ’ ಎಂದರೆ ಪುಣ್ಯಕ್ಕೆ ಬದುಕಿಕೊಂಡ. ಪದವೊಂದು ಜಾಗ ಬದಲಿಸಿದ್ದಕ್ಕೆ ಒಂದು ಜೀವವೇ ಉಳಿಯಿತು! ನಮ್ಮಲ್ಲಿ ಇದಕ್ಕೆ ‘ಸದ್ಯ’, ‘ಪುಣ್ಯಕ್ಕೆ’ ಎಂಬ ಮಾತುಗಳಿವೆ. ಸದ್ಯ, ಮಳೆ ನಿಂತಿತು.

ಈ ಎರಡನೆಯ ಅರ್ಥ ಆಮೇಲೆ ಅಂಟಿಕೊಂಡದ್ದೆಂದು ತೋರಬಹುದು. ನಿಜದಲ್ಲಿ ಅದೇ ಹಿರಿಯದು. ಸ್ಕ್ಯಾಂಡಿನೇವಿಯಾದ ಪ್ರಾಚೀನ ಭಾಷೆಯಾದ ಹಳೆಯ ನಾರ್ಸ್‌ನಿಂದ ಬಂದ ‘ಹ್ಯಾಪ್’ ಎಂದರೆ ಅದೃಷ್ಟ, ಆಕಸ್ಮಿಕ. ‘ಹ್ಯಾಪನ್’, ‘ಪರ್‌ಹ್ಯಾಪ್ಸ್’, ‘ಮಿಸ್‌ಹ್ಯಾಪ್’ ಎಲ್ಲವೂ ಅದೇ ಬೇರಿನವು. 14ನೆಯ ಶತಮಾನದ ಇಂಗ್ಲಿಷಿನಲ್ಲಿ ‘ಹ್ಯಾಪಿ’ ಮೊದಲಿಗೆ ಅದೃಷ್ಟವಂತನನ್ನು ಸೂಚಿಸುತ್ತಿತ್ತು, ನಗುಮುಖದವನನ್ನಲ್ಲ. ಸಂತೋಷದ ಅರ್ಥ ಅದರ ಬೆನ್ನಿಗೆ ಬಂದು ಕೊನೆಗೆ ಮನೆಯನ್ನೇ ಆಕ್ರಮಿಸಿಕೊಂಡಿತು.

ಮೂರನೆಯ ಬಳಕೆಯೂ ಒಂದಿದೆ: ‘ಐ ವುಡ್ ಹ್ಯಾಪಿಲಿ ಹೆಲ್ಪ್’. ಇಲ್ಲಿ ಸಂತೋಷಕ್ಕಿಂತ ಸಿದ್ಧತೆಯೇ ಮುಖ್ಯ. ‘ಅಗತ್ಯವಾಗಿ ಮಾಡಿಕೊಡುತ್ತೇನೆ’ ಎನ್ನುವ ಧಾಟಿ. ‘ಗ್ಲ್ಯಾಡ್ಲಿ’ಯೂ ಹೆಚ್ಚಾಗಿ ಇದೇ ಕೆಲಸಕ್ಕೆ ಬರುತ್ತದೆ.

ಸಂತೋಷದ ಉಳಿದ ಪದಗಳನ್ನೂ ಇದರ ಜಾಗದಲ್ಲಿ ಕಣ್ಣುಮುಚ್ಚಿ ಕೂರಿಸಲಾಗದು. ‘ಚಿಯರ್‌ಫುಲಿ’ಯ ‘ಚಿಯರ್’ ಹಳೆಯ ಫ್ರೆಂಚಿನಲ್ಲಿ ಮುಖವೆಂದೇ ಇದ್ದ ಪದ. ಅಲ್ಲಿ ಸಂತೋಷ ಹೊರಗೆ ಕಾಣಬೇಕು. ‘ಮೆರಿಲಿ’ಯನ್ನು ಬಳಸುವಾಗ ಇನ್ನೂ ಹುಷಾರಾಗಿರಬೇಕು. ಹಾಡು, ಕುಣಿತಕ್ಕೆ ಅದು ಚೆನ್ನಾಗಿ ಒಪ್ಪುತ್ತದೆ. ಆದರೆ ಸಾಲಗಾರನೊಬ್ಬ ‘ಮೆರಿಲಿ’ ಖರ್ಚು ಮಾಡುತ್ತಿದ್ದ ಎಂದು ಬರೆದರೆ ಅದು ಅವನ ಖುಷಿಯ ವರ್ಣನೆಯಲ್ಲ, ಹಿಂದುಮುಂದು ನೋಡದವನೆಂಬ ಟೀಕೆ.